ರೀಬ್ರೀದರ್ ಸ್ಕ್ರಬ್ಬರ್ ಕೈಕೊಟ್ಟಾಗ: ದೋಷ ಸುಣ್ಣದ್ದೋ, ದಾರಿಯದ್ದೋ?

ರೀಬ್ರೀದರ್ ಎಂದರೆ ಡೈವರ್ ಬಿಟ್ಟ ಉಸಿರನ್ನೇ ಶುದ್ಧಮಾಡಿ, ಆಮ್ಲಜನಕ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಯಂತ್ರ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೀರುವುದು ಸ್ಕ್ರಬ್ಬರ್, ಅಂದರೆ ಸುಣ್ಣದ (ಸೋಡಾ ಲೈಮ್) ಕಾಳು ತುಂಬಿದ ಕ್ಯಾನಿಸ್ಟರ್ ಎಂಬ ಡಬ್ಬಿ. ನೀರಿನಡಿ ರೀಬ್ರೀದರ್‌ನಲ್ಲಿ ಉಸಿರಾಡುತ್ತಿದ್ದಾಗ ವಿನಾಕಾರಣ ಏದುಸಿರು ಬಂತು, ತಲೆ ಸಿಡಿಯತೊಡಗಿತು, ಹ್ಯಾಂಡ್‌ಸೆಟ್‌ನ (ಕೈಯಲ್ಲಿರುವ ಪರದೆಯ) ಅಂಕಿ ಕಣ್ಣಿಗೆ ಕಂಡರೂ ತಲೆಗೆ ಹತ್ತಲಿಲ್ಲ, ಸುಮ್ಮಸುಮ್ಮನೆ ದಿಗಿಲಾಯಿತು ಎಂದರೆ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತಿದೆ; ಅದು ದೋಷ ಹುಡುಕುವ ಹೊತ್ತಲ್ಲ. ಬೇಲ್‌ಔಟ್ (ಆಪತ್ತಿಗೆಂದು ಒಯ್ಯುವ) ಸಿಲಿಂಡರಿಗೆ ಬದಲಾಯಿಸಿ, ಲೂಪ್ (ಉಸಿರು ಸುತ್ತುವ ದಾರಿ) ಮುಚ್ಚಿ, ಡೈವ್ ಅಲ್ಲಿಗೇ ಮುಗಿಸಿ ಮೇಲೆ ಹೊರಡಿ. ಸ್ವಲ್ಪ ಸುಧಾರಿಸಿದೆ ಅನ್ನಿಸಿದ ಮೇಲೂ ಲೂಪಿಗೆ ಮರಳಬೇಡಿ. ಡಿಲ್ಯುಯೆಂಟ್ (ಆಮ್ಲಜನಕಕ್ಕೆ ಬೆರೆಸುವ ಅನಿಲ) ಹಾಯಿಸಿ ಲೂಪ್ ತೊಳೆದರೆ ಕ್ಷಣಕಾಲ ಹಾಯೆನಿಸೀತು, ಆದರೆ ಸ್ಕ್ರಬ್ಬರ್ ಅದರಿಂದ ರಿಪೇರಿಯಾಗುವುದಿಲ್ಲ. ಏದುಸಿರು ಜೋರಾದ ಮೇಲೆ ಒಂದು ಮೌತ್‌ಪೀಸ್ ತೆಗೆದು ಇನ್ನೊಂದನ್ನು ಬಾಯಿಗಿಡುವ ಎರಡು ಮೂರು ಸೆಕೆಂಡ್ ಕೂಡ ಉಸಿರು ಹಿಡಿಯಲು ಆಗುವುದಿಲ್ಲ. ಬೇಲ್‌ಔಟ್ ವಾಲ್ವ್ ಸೇರಿಸಿದ ಮೌತ್‌ಪೀಸಿಗೆ ದುಡ್ಡು ಹಾಕಬೇಕಾದ್ದು ಇದೇ ಕಾರಣಕ್ಕೆ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಬೇಲ್‌ಔಟ್‌ಗೆ ಹೋದ ಕೂಡಲೇ ಏದುಸಿರು ನಿಲ್ಲುವುದಿಲ್ಲ. ಮೈಯಲ್ಲಿ ತುಂಬಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಹೋಗಲು ಹಲವು ನಿಮಿಷ ಬೇಕು, ಅಷ್ಟರಲ್ಲಿ "ಈ ರೆಗ್ಯುಲೇಟರೂ ಗಾಳಿ ಕೊಡುತ್ತಿಲ್ಲ" ಎಂಬ ಭ್ರಮೆ ಬರುತ್ತದೆ. ಆ ಹೊತ್ತಿನಲ್ಲಿ ಗಾಳಿ ಖರ್ಚಾಗುವ ವೇಗವೂ ಮಾಮೂಲಿನ ಎರಡು ಮೂರು ಪಟ್ಟು ಇರಬಹುದು. ಬೇಲ್‌ಔಟ್ ಲೆಕ್ಕ ಹಾಕುವಾಗ ಶಾಂತವಾಗಿದ್ದಾಗಿನ ಖರ್ಚನ್ನು ಹಿಡಿದು ಗುಣಿಸುವವರು ಇದನ್ನು ಮರೆತಿರುತ್ತಾರೆ.

ಇನ್ನು ಮುಂದಿನದೆಲ್ಲ ದಡ ಸೇರಿದ ಮೇಲಿನ ಕೆಲಸ. ಯೂನಿಟ್ ಬಿಚ್ಚುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಲಕ್ಷಣ ಶುರುವಾದದ್ದು ಎಷ್ಟನೇ ನಿಮಿಷದಲ್ಲಿ? ಹೆಚ್ಚಿನವರು ಮೊದಲು ಬೈಯುವುದು ಸುಣ್ಣವನ್ನು: ಹಳೇ ಡ್ರಮ್ಮು, ಅಗ್ಗದ ಬ್ರ್ಯಾಂಡು, ಅಂಗಡಿಯವನ ಮೋಸ. ಸುಣ್ಣ ಕೆಟ್ಟಿರಬಹುದು. ಆದರೆ ಅದಕ್ಕೂ ಮುನ್ನ, ಉಸಿರು ಸುಣ್ಣವನ್ನು ಮುಟ್ಟದೆಯೇ ಸುತ್ತು ಹಾಕಿ ಬಂದಿದೆಯೇ ಎಂದು ನೋಡಬೇಕು. ಅದನ್ನು ಹೇಳುವುದು ಗಡಿಯಾರ.

ಕ್ಯಾನಿಸ್ಟರ್ ಒಳಗೆ ನಡೆಯುವುದು

ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ನೀರು ಹಾಲಿನಂತಾಗುತ್ತದಲ್ಲ, ಮೂಲದಲ್ಲಿ ಅದೇ ಕ್ರಿಯೆ. ಸೋಡಾ ಲೈಮ್ ಕಾಳಿನಲ್ಲಿ ಮುಕ್ಕಾಲು ಪಾಲಿನಷ್ಟು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿಸಿದ ಸುಣ್ಣ; ಶೇ. 3ರ ಆಸುಪಾಸು ಸೋಡಿಯಂ ಹೈಡ್ರಾಕ್ಸೈಡ್. ಉಳಿದದ್ದು ಬಹುಪಾಲು ನೀರು. ಉಸಿರಿನ ಇಂಗಾಲದ ಡೈಆಕ್ಸೈಡ್ ಮೊದಲು ಕಾಳಿನ ಮೇಲಿನ ತೇವದಲ್ಲಿ ಕರಗುತ್ತದೆ, ಸೋಡಿಯಂ ಹೈಡ್ರಾಕ್ಸೈಡ್ ಅದನ್ನು ಹಿಡಿದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ, ಅದು ಸುಣ್ಣಕ್ಕೆ ಇಂಗಾಲವನ್ನು ದಾಟಿಸಿ ಮತ್ತೆ ಸೋಡಿಯಂ ಹೈಡ್ರಾಕ್ಸೈಡ್ ಆಗಿ ಬಿಡುಗಡೆ ಹೊಂದುತ್ತದೆ. ಕೊನೆಗೆ ಉಳಿಯುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಜೊತೆಗೆ ಬಿಸಿ ಮತ್ತು ನೀರು. ಮೊದಲ ಹೆಜ್ಜೆಗೇ ನೀರು ಬೇಕಾದ್ದರಿಂದ, ಒಣಗಿದ ಸುಣ್ಣ ಎಷ್ಟೇ ಹೊಸದಾಗಿದ್ದರೂ ಕೆಲಸಕ್ಕೆ ಬಾರದು.

ಕ್ರಿಯೆ ಇಡೀ ಕ್ಯಾನಿಸ್ಟರಿನಲ್ಲಿ ಒಟ್ಟಿಗೆ ನಡೆಯುವುದಿಲ್ಲ. ಉಸಿರು ಒಳಬರುವ ಕಡೆಯಿಂದ ಶುರುವಾಗಿ ಬಿಸಿಯ ಒಂದು ಪಟ್ಟಿ ನಿಧಾನವಾಗಿ ಹೊರಹೋಗುವ ಕಡೆಗೆ ಸರಿಯುತ್ತದೆ. ಪಟ್ಟಿ ಆ ತುದಿ ತಲುಪಿತೆಂದರೆ ಇಂಗಾಲದ ಡೈಆಕ್ಸೈಡ್ ಸೋರಲು ಶುರು. ಕೆಲವು ಯೂನಿಟ್‌ಗಳಲ್ಲಿರುವ ತಾಪಮಾನದ ಕಡ್ಡಿ ಅಳೆಯುವುದು ಈ ಪಟ್ಟಿ ಎಲ್ಲಿದೆ ಎಂಬುದನ್ನಷ್ಟೇ, ಇಂಗಾಲದ ಡೈಆಕ್ಸೈಡನ್ನಲ್ಲ.

ಮೊದಲ ಹತ್ತು ನಿಮಿಷದಲ್ಲೇ ಲಕ್ಷಣ ಕಂಡರೆ

ಹೊಸದಾಗಿ ತುಂಬಿದ ಸುಣ್ಣ ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ. ಇಲ್ಲಿ ಹುಡುಕಬೇಕಾದ್ದು ಅಡ್ಡದಾರಿ.

ಮೊದಲು ಮೌತ್‌ಪೀಸಿನ ಎರಡು ಮಶ್ರೂಮ್ ವಾಲ್ವ್. ಉಸಿರನ್ನು ಒಂದೇ ದಿಕ್ಕಿಗೆ ಬಿಡುವ ತೆಳು ಸಿಲಿಕೋನ್ ಬಿಲ್ಲೆಗಳು. ಒಂದರ ಅಂಚು ಮಡಚಿದ್ದರೆ, ಕೆಳಗೆ ಒಂದು ಮರಳಿನ ಕಣವೋ ಉಪ್ಪಿನ ಹರಳೋ ಸಿಕ್ಕಿದ್ದರೆ, ಬಿಟ್ಟ ಉಸಿರು ಸ್ಕ್ರಬ್ಬರಿನತ್ತ ಹೋಗದೆ ಹೋಸ್‌ನಲ್ಲೇ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಪರೀಕ್ಷೆ ಸುಲಭ. ಮೌತ್‌ಪೀಸನ್ನು ಎರಡೂ ಹೋಸ್ ಸಮೇತ ಯೂನಿಟ್‌ನಿಂದ ಬಿಡಿಸಿ. ಉಸಿರು ಒಳತರುವ ಹೋಸಿನ ತುದಿಯನ್ನು ಅಂಗೈಯಿಂದ ಮುಚ್ಚಿ ಎಳೆಯಿರಿ: ಏನೂ ಬರಬಾರದು. ಬಂದರೆ ಉಸಿರು ಹೊರಹೋಗುವ ಕಡೆಯ ವಾಲ್ವ್ ಹಿಂದಕ್ಕೆ ಸೋರುತ್ತಿದೆ. ಈಗ ಉಸಿರು ಹೊರಹೋಗುವ ಹೋಸಿನ ತುದಿ ಮುಚ್ಚಿ ಊದಿ: ಹೋಗಬಾರದು. ಹೋದರೆ ಒಳತರುವ ಕಡೆಯದು ಕೆಟ್ಟಿದೆ. ಜೋರಾಗಿ ಒಮ್ಮೆ ಮಾಡಿ ನೋಡಿದರೆ ಸಾಲದು, ಮೆಲ್ಲಗೂ ಮಾಡಿ. ಬಲವಾಗಿ ಊದಿದಾಗ ಗಟ್ಟಿಯಾಗಿ ಕೂರುವ ಬಿಲ್ಲೆ ಮೆಲ್ಲಗೆ ಊದಿದಾಗ ಸೋರುವುದುಂಟು, ಮನುಷ್ಯ ನೀರಿನಲ್ಲಿ ಬಹುಪಾಲು ಉಸಿರಾಡುವುದು ಮೆಲ್ಲಗೇ.

ಎರಡನೆಯದು ಕ್ಯಾನಿಸ್ಟರಿನ ಓ-ರಿಂಗ್, ಅಂದರೆ ಸಂದು ಮುಚ್ಚುವ ರಬ್ಬರ್ ಬಳೆ. ಉಸಿರು ಕ್ಯಾನಿಸ್ಟರನ್ನು ಹೊಕ್ಕೇ ಹೋಗಬೇಕೆಂದು ಬಲವಂತ ಮಾಡುವುದು ಅದೊಂದೇ. ಅದನ್ನು ಹಾಕಲು ಮರೆತರೆ, ಅಥವಾ ಅದು ಕೂರುವ ತೋಡಿನಲ್ಲಿ ಒಂದೇ ಒಂದು ಸುಣ್ಣದ ಕಾಳು ಕೂತರೆ, ಪಕ್ಕದಿಂದಲೇ ಸಲೀಸು ದಾರಿ. ಕಾಳಿನ ಪದರ ತಡೆಯೊಡ್ಡುತ್ತದೆ, ಸಂದು ಒಡ್ಡುವುದಿಲ್ಲ. ಗಾಳಿ ಆಯ್ದುಕೊಳ್ಳುವುದು ಸಂದನ್ನೇ. ಮಧ್ಯದ ಸ್ಪೇಸರ್ ರಿಂಗ್ ಬಿಟ್ಟುಹೋಗಿದ್ದರೂ, ಕ್ಯಾನಿಸ್ಟರನ್ನೇ ಹಾಕದೆ ಮುಚ್ಚಿದ್ದರೂ ಫಲ ಒಂದೇ. ಕೊನೆಯದು ನಗು ತರಿಸಬಹುದು, ಆದರೆ ಬೆಳಗ್ಗೆ ಐದಕ್ಕೆ ದೋಣಿ ಹಿಡಿಯುವ ಗಡಿಬಿಡಿಯಲ್ಲಿ ನಡೆಯುವಂಥದ್ದೇ.

ಇವನ್ನೆಲ್ಲ ಹೇಳಲು ಕಾರಣವಿದೆ. ಡೈವ್‌ಗೆ ಮುನ್ನ ಮಾಡುವ ಪಾಸಿಟಿವ್ ಮತ್ತು ನೆಗೆಟಿವ್ ಒತ್ತಡ ಪರೀಕ್ಷೆಗಳಲ್ಲಿ ಈ ದೋಷ ಯಾವುದೂ ಸಿಕ್ಕಿಬೀಳುವುದಿಲ್ಲ. ಆ ಪರೀಕ್ಷೆಗಳು ನೋಡುವುದು ಲೂಪ್ ಹೊರಗಡೆಗೆ ಸೋರುತ್ತಿದೆಯೇ ಎಂದು. ಓ-ರಿಂಗ್ ಇಲ್ಲದ ಕ್ಯಾನಿಸ್ಟರಿನ ಸೋರಿಕೆ ಲೂಪಿನ ಒಳಗಿನಿಂದ ಒಳಗೇ. ಮೂರೂ ಆಮ್ಲಜನಕ ಸೆನ್ಸರ್‌ಗಳು ಸರಿಯಾದ ಅಂಕಿ ತೋರಿಸುತ್ತಲೇ ಇರುತ್ತವೆ.

ಹಾಗಾದರೆ ನೀರಿಗಿಳಿಯುವ ಮುನ್ನ ಯೂನಿಟ್ಟಿನಲ್ಲಿ ಉಸಿರಾಡಿ ನೋಡುವ ಐದು ನಿಮಿಷದ ಪ್ರೀಬ್ರೀದ್? ಅದರ ಮೇಲಿನ ನಂಬಿಕೆ ಅತಿಯಾಯಿತು. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 20 ಮಂದಿಗೆ, ಯಾವ ಸ್ಥಿತಿಯ ಸ್ಕ್ರಬ್ಬರ್ ಎಂದು ತಿಳಿಸದೆ, ಐದು ನಿಮಿಷ ಉಸಿರಾಡಲು ಕೊಟ್ಟರು. ಸ್ಕ್ರಬ್ಬರ್ ಪೂರ್ತಿ ತೆಗೆದಿದ್ದಾಗಲೂ 15 ಮಂದಿ ಮಾತ್ರ ನಿಲ್ಲಿಸಿದರು, ಉಳಿದ ಐವರು ಕೊನೆಯವರೆಗೆ ಉಸಿರಾಡಿದರು. ಭಾಗಶಃ ದೋಷ ಇಟ್ಟಾಗ ನಿಲ್ಲಿಸಿದವರು ಇಬ್ಬರೇ. ದಡದ ಮೇಲೆ ಸುಮ್ಮನೆ ಕೂತವರ ಮೈ ಹುಟ್ಟಿಸುವ ಇಂಗಾಲದ ಡೈಆಕ್ಸೈಡ್ ಕಡಿಮೆ, ಅರೆಬರೆ ಸ್ಕ್ರಬ್ಬರ್ ಅಷ್ಟನ್ನು ನಿಭಾಯಿಸಿಬಿಡುತ್ತದೆ. ಪ್ರೀಬ್ರೀದ್ ಬಿಡಬೇಡಿ, ಆಮ್ಲಜನಕ ನಿಯಂತ್ರಣ ಸೆಟ್‌ಪಾಯಿಂಟ್ (ನಿಗದಿ ಮಾಡಿದ ಆಮ್ಲಜನಕದ ಮಟ್ಟ) ಹಿಡಿಯುತ್ತಿದೆಯೇ ಎಂದು ನೋಡಲು ಅದು ಬೇಕೇ ಬೇಕು. ಮೂಗು ಮುಚ್ಚಿಕೊಂಡು ಮಾಡಿ, ಇಲ್ಲದಿದ್ದರೆ ಅರ್ಧ ಉಸಿರು ಮೂಗಿನಿಂದಲೇ ಹೊರಹೋಗುತ್ತದೆ. ಆದರೆ ಪ್ರೀಬ್ರೀದ್ ಪಾಸಾಯಿತು ಎಂಬುದನ್ನು ಸ್ಕ್ರಬ್ಬರಿಗೆ ಕೊಟ್ಟ ಸರ್ಟಿಫಿಕೇಟ್ ಎಂದುಕೊಳ್ಳಬೇಡಿ.

ತಾಪಮಾನದ ಕಡ್ಡಿ ಇರುವ ಯೂನಿಟ್ ಆದರೆ ಲಾಗ್ ಇಳಿಸಿ ನೋಡಿ. ಬಿಸಿ ಪಟ್ಟಿ ಎದ್ದೇ ಇಲ್ಲ, ಅಥವಾ ಎಂದಿನ ಡೈವ್‌ಗಿಂತ ತುಂಬ ತಡವಾಗಿ ಎದ್ದಿದೆ ಎಂದರೆ ಉಸಿರು ಸುಣ್ಣದ ಮೂಲಕ ಹೋಗಿರಲಿಕ್ಕಿಲ್ಲ.

ಮಧ್ಯದಲ್ಲಿ, ಈಜು ಜೋರಾದಾಗ ಅಥವಾ ಆಳಕ್ಕೆ ಇಳಿದಾಗ ಕಂಡರೆ

ಎರಡು ಸಾಧ್ಯತೆ. ಸುಣ್ಣದ ಪದರದೊಳಗೆ ಕಾಲುವೆ ಬಿದ್ದಿರಬಹುದು. ಅಥವಾ ಸುಣ್ಣ ಚೆನ್ನಾಗಿಯೇ ಇದ್ದು ಸೋತದ್ದು ಶ್ವಾಸಕೋಶ ಇರಬಹುದು.

ಕಾಲುವೆ ಬೀಳುವುದು ತುಂಬುವಿಕೆಯ ತಪ್ಪಿನಿಂದ. ಸಡಿಲವಾಗಿ ತುಂಬಿದ ಕಾಳು ಕಾರಿನ ಡಿಕ್ಕಿಯಲ್ಲಿ, ದೋಣಿಯ ಕುಲುಕಾಟದಲ್ಲಿ ಕೂತು, ಮೇಲ್ಭಾಗದಲ್ಲೋ ಗೋಡೆಯ ಪಕ್ಕದಲ್ಲೋ ಖಾಲಿ ಜಾಗ ಬಿಡುತ್ತದೆ. ಯೂನಿಟ್ ಅಡ್ಡ ಮಲಗಿದಾಗ, ಅಂದರೆ ಈಜುವ ಭಂಗಿಯಲ್ಲಿ, ಆ ಖಾಲಿ ಜಾಗವೇ ಮೇಲೆ ಬಂದು ಉದ್ದಕ್ಕೂ ದಾರಿಯಾಗುತ್ತದೆ. ಸುಮ್ಮನೆ ತೇಲುವಾಗ ಗೊತ್ತಾಗದ ಇದು, ಪ್ರವಾಹಕ್ಕೆ ಎದುರಾಗಿ ಈಜುವಾಗ ಬಣ್ಣ ಬಯಲು ಮಾಡುತ್ತದೆ.

ತುಂಬುವ ಕ್ರಮ ಹೀಗೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಕೈಗವಸು, ಕನ್ನಡಕ, ಧೂಳಿನ ಮಾಸ್ಕ್ ಇರಲಿ, ಈ ಧೂಳು ಕಣ್ಣನ್ನೂ ಗಂಟಲನ್ನೂ ಸುಡುತ್ತದೆ. ಒಂದು ಅಡಿ ಎತ್ತರದಿಂದ ಸಣ್ಣ ಧಾರೆಯಾಗಿ ಸುರಿದರೆ ಪುಡಿ ಗಾಳಿಗೆ ಹಾರಿಹೋಗುತ್ತದೆ. ಮೂರನೇ ಒಂದು ಭಾಗ ತುಂಬಿ, ಕ್ಯಾನಿಸ್ಟರನ್ನು ತಿರುಗಿಸುತ್ತ ಪಕ್ಕಗಳಿಗೆ ಅಂಗೈಯಿಂದ ತಟ್ಟಿ. ಕಾಳು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಇಳಿಯುವುದು ನಿಂತ ಮೇಲೆ ಮುಂದಿನ ಭಾಗ. ಕೊನೆಗೆ ಅಂಚಿನ ಮಟ್ಟಕ್ಕೆ ಸಮ ಮಾಡಿ, ಜಾಲರಿ ಇಟ್ಟು, ಸ್ಪ್ರಿಂಗ್ ಮುಚ್ಚಳ ಹಾಕಿ ಮತ್ತೊಮ್ಮೆ ತಟ್ಟಿ. ಮುಚ್ಚಳ ಕೆಳಗಿಳಿದರೆ ತೆಗೆದು ಇನ್ನಷ್ಟು ಸೇರಿಸಿ. ಮುಷ್ಟಿಯಿಂದ ಒತ್ತಿ ತುಂಬಬೇಡಿ, ಕಾಳು ಒಡೆದು ಪುಡಿಯಾಗುತ್ತದೆ, ಪುಡಿ ಉಸಿರಾಟವನ್ನು ಭಾರ ಮಾಡುತ್ತದೆ. ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರೆ ಕಾಳು ಸರಿದಾಡುವ ಸದ್ದು ಬರಬಾರದು. ತೂಕವನ್ನೂ ನೋಡಿ: ಅದೇ ಕ್ಯಾನಿಸ್ಟರ್, ಅದೇ ಬ್ರ್ಯಾಂಡ್, ಆದರೂ ಎಂದಿನದಕ್ಕಿಂತ ನೂರು ಗ್ರಾಂ ಮೀರಿ ಕಡಿಮೆ ಬಂದರೆ ಸುರಿದು ಹೊಸದಾಗಿ ತುಂಬುವುದೇ ಲೇಸು. ಹಿಂದಿನ ರಾತ್ರಿ ತುಂಬಿ ದೂರ ಪ್ರಯಾಣ ಮಾಡಿದ್ದರೆ ದೋಣಿ ಹತ್ತುವ ಮೊದಲು ಅಲ್ಲಾಡಿಸುವ ಪರೀಕ್ಷೆ ಮತ್ತೆ ಮಾಡಿ.

ಈಗ ಎರಡನೇ ಸಾಧ್ಯತೆ. ಆಳ ಹೆಚ್ಚಿದಂತೆ ಉಸಿರಾಡುವ ಅನಿಲ ದಟ್ಟವಾಗುತ್ತದೆ. ದಟ್ಟ ಅನಿಲವನ್ನು ಎಳೆದು ಬಿಡಲು ಮೈ ಪಡುವ ಶ್ರಮವೇ ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ, ಅದನ್ನು ಹೊರಹಾಕುವ ಶಕ್ತಿ ಮಾತ್ರ ಕುಗ್ಗುತ್ತದೆ. ತಾಂತ್ರಿಕ ಡೈವಿಂಗ್‌ನಲ್ಲಿ ಒಪ್ಪಿತವಾಗಿರುವ ಮಿತಿ ಲೀಟರಿಗೆ 5.2 ಗ್ರಾಂ, ಎಷ್ಟೇ ಆದರೂ ದಾಟಬಾರದ್ದು 6.2 ಗ್ರಾಂ. ಗಾಳಿಯನ್ನೇ ಡಿಲ್ಯುಯೆಂಟ್ ಮಾಡಿಕೊಂಡರೆ ಮೊದಲನೆಯದು 31 ಮೀಟರಿನಲ್ಲೂ ಎರಡನೆಯದು 39 ಮೀಟರಿನ ಸುಮಾರಿನಲ್ಲೂ ಬಂದುಬಿಡುತ್ತದೆ. ಇದಕ್ಕೆ ಮದ್ದು ಹಗುರ ಅನಿಲವಾದ ಹೀಲಿಯಂ ಬೆರೆಸುವುದು, ಹೊಸ ಸುಣ್ಣವಲ್ಲ. ದಕ್ಷಿಣ ಆಫ್ರಿಕಾದ ಬೂಸ್ಮನ್ಸ್‌ಗಾಟ್ ಗುಹೆಯಲ್ಲಿ 2005ರ ಜನವರಿ 8ರಂದು 270 ಮೀಟರ್ ಆಳದಲ್ಲಿ ರೀಬ್ರೀದರ್ ಡೈವರ್ ಡೇವಿಡ್ ಶಾ ತೀರಿಕೊಂಡಾಗ ಅವರ ಹೆಲ್ಮೆಟ್ ಕ್ಯಾಮೆರಾ ಉಸಿರಾಟದ ಸದ್ದನ್ನೂ ದಾಖಲಿಸಿತ್ತು. ಅದನ್ನು ವಿಶ್ಲೇಷಿಸಿದ ವೈದ್ಯರು ಬೊಟ್ಟು ಮಾಡಿದ್ದು ದಟ್ಟ ಅನಿಲ ಮತ್ತು ಶ್ರಮ ಸೇರಿ ಉಂಟಾದ ಉಸಿರಾಟದ ವೈಫಲ್ಯದತ್ತ. ನಿಮ್ಮ ಲಕ್ಷಣ ಆಳದಲ್ಲಿ ಮಾತ್ರ ಬಂದು ಮೇಲೇರುತ್ತಿದ್ದಂತೆ ಬೇಗ ಕರಗಿದ್ದರೆ, ಕ್ಯಾನಿಸ್ಟರ್ ಬಿಚ್ಚುವ ಮೊದಲು ಸಾಂದ್ರತೆಯ ಲೆಕ್ಕ ಹಾಕಿ.

ಕೊನೆಯಲ್ಲಿ ಕಂಡರೆ: ಸುಣ್ಣ ಮುಗಿದಿದೆ

ಯುರೋಪಿನ ಇಎನ್ 14143 ಮಾನದಂಡದ ಪರೀಕ್ಷೆ 40 ಮೀಟರ್ ಆಳ, 4 ಡಿಗ್ರಿ ಸೆಲ್ಸಿಯಸ್ ನೀರು, ನಿಮಿಷಕ್ಕೆ 40 ಲೀಟರ್ ಉಸಿರಾಟ, 1.6 ಲೀಟರ್ ಇಂಗಾಲದ ಡೈಆಕ್ಸೈಡ್ ಇಟ್ಟುಕೊಂಡು, ಒಳಗೆಳೆಯುವ ಅನಿಲದಲ್ಲಿ ಅದರ ಆಂಶಿಕ ಒತ್ತಡ 5 ಮಿಲಿಬಾರ್ ಮುಟ್ಟುವವರೆಗಿನ ಸಮಯ ಅಳೆಯುತ್ತದೆ. ಸುಮಾರು 2.5 ಕೆ.ಜಿ. ಹಿಡಿಯುವ ಕ್ಯಾನಿಸ್ಟರ್ ಇಂಥ ದರದಲ್ಲಿ ಮೂರು ಗಂಟೆ ಬಾಳಿತು ಎಂದರೆ ಹೀರಿದ್ದು 288 ಲೀಟರ್, ಅಂದರೆ ಕೆ.ಜಿ.ಗೆ 115 ಲೀಟರ್. ನಿಮಿಷಕ್ಕೆ 1.6 ಲೀಟರ್ ಎಂದರೆ ಗಟ್ಟಿ ಶ್ರಮ. ಆರಾಮಾಗಿ ಈಜುವವರು ಅಷ್ಟು ಹುಟ್ಟಿಸುವುದಿಲ್ಲ. ಹಾಗೆಂದು "ನಾನು ನಿಧಾನ ಈಜುವವ, ನನಗೆ ಐದು ಗಂಟೆ ಬರುತ್ತದೆ" ಎಂದು ಎಳೆಯುವ ಚಾಳಿ ಕೆಟ್ಟದ್ದು. ಆ ಉಳಿತಾಯ, ಡೈವ್‌ನ ಕೊನೆಯಲ್ಲಿ ಪ್ರವಾಹಕ್ಕೆ ಸಿಕ್ಕಿ ಜೋರಾಗಿ ಈಜಬೇಕಾದಾಗ ಬೇಕಾಗುವ ಬಂಡವಾಳ. ತಣ್ಣೀರು ಕ್ರಿಯೆಯನ್ನು ನಿಧಾನ ಮಾಡುತ್ತದೆ, ಆಳವೂ ಬಾಳಿಕೆ ತಗ್ಗಿಸುತ್ತದೆ, ಏದುಸಿರು ಕಾಳಿನ ಜೊತೆಗಿನ ಸಂಪರ್ಕದ ಸಮಯವನ್ನೇ ಮೊಟಕು ಮಾಡುತ್ತದೆ.

ಗಡಿಯಾರದ ಜೊತೆಗೆ ಆಮ್ಲಜನಕದ ಖರ್ಚನ್ನೂ ಬರೆದಿಡಿ. ಮೂರು ಲೀಟರಿನ ಸಿಲಿಂಡರಿನಲ್ಲಿ 60 ಬಾರ್ ಇಳಿದರೆ 180 ಲೀಟರ್ ಖರ್ಚು. ಅದರ ಶೇ. 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಬಂತೆಂದು ಹಿಡಿದರೆ ಸುಮಾರು 160 ಲೀಟರ್ ಸುಣ್ಣಕ್ಕೆ ಬಿದ್ದಿದೆ. ಮೇಲೇರುವಾಗ ಗುಳ್ಳೆಯಾಗಿ ಹೋದ ಆಮ್ಲಜನಕವೂ ಇದರಲ್ಲಿ ಸೇರಿರುವುದರಿಂದ ಲೆಕ್ಕ ಸ್ವಲ್ಪ ಹೆಚ್ಚೇ ತೋರಿಸುತ್ತದೆ, ತಪ್ಪಾದರೂ ಸುರಕ್ಷಿತ ಕಡೆಗೇ ತಪ್ಪುತ್ತದೆ.

ಅರ್ಧ ಬಳಸಿದ ಕ್ಯಾನಿಸ್ಟರ್? ಬಿಚ್ಚದೆ, ಗಾಳಿಯಾಡದಂತೆ ಮುಚ್ಚಿಟ್ಟರೆ ಉಳಿದ ಶಕ್ತಿ ಬಹುಪಾಲು ಉಳಿಯುತ್ತದೆ. ನಾಲ್ಕು ವಾರ ತೆರೆದಿಟ್ಟರೆ ಗಣನೀಯವಾಗಿ ಕುಗ್ಗುತ್ತದೆ ಎಂಬುದು ಪರೀಕ್ಷೆಯಿಂದಲೇ ಗೊತ್ತಾಗಿದೆ. ಆದರೆ ಸುರಿದು, "ಮೇಲಿನದು ಬಿಳಿಯಿದೆ" ಎಂದು ಹೊಸದರ ಜೊತೆ ಬೆರೆಸಿ ಮತ್ತೆ ತುಂಬುವುದು ಯಾವ ಕಾರಣಕ್ಕೂ ಬೇಡ. ಮುಗಿದ ಕಾಳು ಹೊರಹೋಗುವ ಬಾಯಿಯ ಹತ್ತಿರ ಬಂದು ಕೂತರೆ ಲೆಕ್ಕವೆಲ್ಲ ತಲೆಕೆಳಗು.

ಯಾವ ಸುಣ್ಣ?

ಯೂನಿಟ್ ತಯಾರಕರು ಯಾವುದನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದ್ದಾರೋ ಅದನ್ನೇ. ಮೂರು ಗಂಟೆ ಎಂಬ ಅಂಕಿ ಆ ಕ್ಯಾನಿಸ್ಟರ್ ಮತ್ತು ಆ ಕಾಳಿನ ಜೋಡಿಗೆ ಸೇರಿದ್ದು. ಡೈವಿಂಗ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಸೋಫ್ನೊಲೈಮ್ 797ರ ಕಾಳು 1ರಿಂದ 2.5 ಮಿಲಿಮೀಟರ್. ಸಣ್ಣ ಕಾಳಿಗೆ ಮೇಲ್ಮೈ ಹೆಚ್ಚು, ಹೀರುವಿಕೆ ಚುರುಕು. ಜೊತೆಗೆ ಉಸಿರಿಗೆ ತಡೆಯೂ ಹೆಚ್ಚು. ಅದಕ್ಕಿಂತ ಸಣ್ಣದು ಹಾಕಿದರೆ ಬಾಳಿಕೆ ಹೆಚ್ಚೀತೆಂದು ಪ್ರಯೋಗಕ್ಕಿಳಿಯಬೇಡಿ.

ಭಾರತದಲ್ಲಿ ನಿಜವಾಗಿ ಎದುರಾಗುವ ಆಮಿಷ ಬೇರೆ. ಬೆಂಗಳೂರಿನಂಥ ಊರಿನಲ್ಲಿ ಆಸ್ಪತ್ರೆಗೆ ಅರಿವಳಿಕೆ ಸಾಮಗ್ರಿ ಪೂರೈಸುವವರ ಬಳಿ ಸೋಡಾ ಲೈಮ್ ಸಲೀಸಾಗಿ ಸಿಗುತ್ತದೆ, ಡೈವಿಂಗ್ ದರ್ಜೆಯದನ್ನು ತರಿಸಬೇಕು. ಹೆಸರು ಒಂದೇ ಆದರೂ ಕೆಲಸ ಒಂದೇ ಅಲ್ಲ. ವೈದ್ಯಕೀಯ ಕಾಳು ಸಾಮಾನ್ಯವಾಗಿ ದಪ್ಪ, 2.5ರಿಂದ 5 ಮಿಲಿಮೀಟರಿನದು. ಅರಿವಳಿಕೆ ಯಂತ್ರಕ್ಕೆ ಅದು ಸರಿ: ಬೆಚ್ಚಗಿನ ಕೋಣೆ, ಮಲಗಿರುವ ರೋಗಿ, ನಿಮಿಷಕ್ಕೆ ಕಾಲು ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್. ಡೈವರ್ ಕ್ಯಾನಿಸ್ಟರಿನಲ್ಲಿ ಅದೇ ಕಾಳು ಬೇಗ ಸೋರಲು ಶುರು ಮಾಡುತ್ತದೆ. ಬಣ್ಣ ಬದಲಿಸುವ ವೈದ್ಯಕೀಯ ಸುಣ್ಣದ ಮೇಲೂ ನಂಬಿಕೆ ಬೇಡ. ಅದರಲ್ಲಿನ ಈಥೈಲ್ ವಯೊಲೆಟ್ ನೇರಳೆಗೆ ತಿರುಗುವುದು ನಿಜ, ಆದರೆ ಸ್ವಲ್ಪ ಹೊತ್ತು ಬಿಟ್ಟರೆ ಮುಗಿದ ಕಾಳೂ ಮತ್ತೆ ಬೆಳ್ಳಗಾಗುತ್ತದೆ. ಸಂಜೆ ನೇರಳೆಯಿದ್ದದ್ದು ಬೆಳಗ್ಗೆ ಹೊಸದರಂತೆ ಕಂಡೀತು.

ಎಕ್ಸ್‌ಟೆಂಡ್‌ಏರ್‌ನಂಥ ಸುಣ್ಣವನ್ನು ಹಾಳೆಯಾಗಿ ಅಚ್ಚು ಹಾಕಿದ ಕಾರ್ಟ್ರಿಜ್‌ಗಳಲ್ಲಿ ತುಂಬುವ ತಪ್ಪಿಗೆ ಜಾಗವಿಲ್ಲ, ಕಾಲುವೆ ಬೀಳುವುದಿಲ್ಲ, ಧೂಳೂ ಕಡಿಮೆ. ಬೆಲೆ ಹೆಚ್ಚು, ಅದಕ್ಕೆಂದೇ ಮಾಡಿದ ಯೂನಿಟ್ ಅಥವಾ ಅಡಾಪ್ಟರ್ ಬೇಕು, ಮತ್ತು ಸೀಲಿನ ದೋಷ ಅಲ್ಲೂ ಬೆನ್ನು ಬಿಡದು. ಬಾಹ್ಯಾಕಾಶ ನೌಕೆಗಳಲ್ಲಿ ಬಳಸಿದ ಲಿಥಿಯಂ ಹೈಡ್ರಾಕ್ಸೈಡ್ ಹಗುರ, ಚಳಿಯಲ್ಲೂ ಚುರುಕು, ಆದರೆ ಅದರ ಧೂಳು ವಿಪರೀತ ಸುಡುತ್ತದೆ. ಹವ್ಯಾಸಿಗಳು ದೂರ ಇರುವುದೇ ಒಳ್ಳೆಯದು.

ಹೊಸ ಡ್ರಮ್ಮಿನ ಸುಣ್ಣವೇ ಬೇಗ ಸೋತರೆ ದಾಸ್ತಾನಿನ ಜಾಗ ನೋಡಿ. ಶೂನ್ಯ ಡಿಗ್ರಿಗಿಂತ ಕೆಳಗೆ ಹೋದರೆ ಕಾಳಿನೊಳಗಿನ ನೀರು ಹೆಪ್ಪುಗಟ್ಟಿ ಕಾಳನ್ನೇ ಸೀಳುತ್ತದೆ. ಯುರೋಪಿನ ಗ್ಯಾರೇಜುಗಳ ಸಮಸ್ಯೆ ಅದು. ನಮ್ಮ ಕರಾವಳಿಯಲ್ಲಿ ಉಲ್ಟಾ: ಮೇ ತಿಂಗಳ ಬಿಸಿಲಿಗೆ ಕಾರಿನಲ್ಲಿ ಬಿಟ್ಟ ಡ್ರಮ್ಮಿನ ತೇವವೆಲ್ಲ ಆವಿಯಾಗಿ ಮುಚ್ಚಳಕ್ಕೆ ಹತ್ತಿ, ಮೇಲಿನ ಪದರ ಒದ್ದೆಮುದ್ದೆ, ಕೆಳಗಿನದು ಒಣಕಲು. ಮುಚ್ಚಳ ಸರಿಯಾಗಿ ಕೂರದಿದ್ದರೆ ವಾತಾವರಣದ ಇಂಗಾಲದ ಡೈಆಕ್ಸೈಡನ್ನೇ ತಿಂದು ಮುಗಿದಿರುತ್ತದೆ. ಕೈಗವಸು ಹಾಕಿ ಒಂದು ಕಾಳು ಹಿಸುಕಿ: ಹೊಸದು ಪುಡಿಯಾಗುತ್ತದೆ, ಮುಗಿದದ್ದು ಗಟ್ಟಿಯಾಗಿರುತ್ತದೆ. ಇದು ಸುಳಿವು ಮಾತ್ರ. ಅನುಮಾನ ಬಂದ ಡ್ರಮ್ಮನ್ನು ಬಿಸಾಡುವುದೇ ಅಗ್ಗ.

ನೀರು ನುಗ್ಗಿದ್ದರೆ

ಉಸಿರಿನಲ್ಲಿ ಗುಳುಗುಳು ಸದ್ದು, ಎಳೆಯಲು ಭಾರ, ಬಾಯಿಗೆ ಸೋಪಿನಂಥ ಸುಡುವ ರುಚಿ: ಇದು ಸುಣ್ಣದೊಳಗೆ ನೀರು ಸೇರಿ ಆದ ಕ್ಷಾರದ್ರಾವಣ. ಕೂಡಲೇ ಬೇಲ್‌ಔಟ್, ದ್ರಾವಣ ನುಂಗದೆ ಉಗುಳಿ, ಸಿಹಿನೀರಿನಿಂದ ಬಾಯಿ ಮತ್ತೆ ಮತ್ತೆ ಮುಕ್ಕಳಿಸಿ. ವಿನೆಗರ್ ಹಾಕಿ ತಟಸ್ಥ ಮಾಡಲು ಹೋಗಬೇಡಿ. ನುಂಗಿದ್ದರೆ, ಗಂಟಲು ಉರಿದರೆ, ಉಸಿರಿಗೆ ತೊಂದರೆಯಾದರೆ ಆಸ್ಪತ್ರೆಗೆ ಹೋಗಿ. ಒದ್ದೆಯಾದ ಸುಣ್ಣವನ್ನು ಒಣಗಿಸಿ ಮರುಬಳಕೆ ಮಾಡುವಂತಿಲ್ಲ. ಸೋರಿದ ಜಾಗ ಹುಡುಕಲು ಪಾಸಿಟಿವ್ ಒತ್ತಡ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸೋಪು ನೀರು ಬಳಿದು ಹೋಸ್ ಕನೆಕ್ಟರ್, ಕೌಂಟರ್‌ಲಂಗ್ (ಉಸಿರು ತುಂಬಿಕೊಳ್ಳುವ ಚೀಲ) ಹೊಲಿಗೆ, ಮೌತ್‌ಪೀಸಿನ ಟೈ ಇವುಗಳಲ್ಲಿ ಗುಳ್ಳೆ ನೋಡಿ. ಸುಣ್ಣ ಸುರಿದ ಮೇಲೆ ಕ್ಯಾನಿಸ್ಟರ್ ತೊಳೆದು ಪೂರ್ತಿ ಒಣಗಿಸಿ. ಬಳಸಿದ ಸುಣ್ಣದಲ್ಲಿ ಕ್ಷಾರ ಉಳಿದಿರುವುದರಿಂದ ಅದನ್ನು ಸಮುದ್ರಕ್ಕೆ ಸುರಿಯದೆ, ಚೀಲದಲ್ಲಿ ಕಟ್ಟಿ ದಡಕ್ಕೆ ತನ್ನಿ.

ತುಂಬಿದ ಪ್ರತಿ ಕ್ಯಾನಿಸ್ಟರಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ: ತುಂಬಿದ ದಿನಾಂಕ, ತೂಕ, ಬಳಸಿದ ನಿಮಿಷ, ಖರ್ಚಾದ ಆಮ್ಲಜನಕ. ಟೇಪ್ ಇಲ್ಲದ ಕ್ಯಾನಿಸ್ಟರ್ ಕೈಗೆ ಸಿಕ್ಕರೆ ಅದನ್ನು ಮುಗಿದದ್ದೆಂದೇ ಲೆಕ್ಕ ಹಿಡಿದು ಸುರಿದುಬಿಡಿ.